ಐದೇ ಕಂಪ್ಯೂಟರು ಸಾಕೆಂದವರು ಯಾರು?



ಒಂದು ಸಂಗತಿಯನ್ನು ನಿಜವೆಂದು ಒಪ್ಪಿಕೊಳ್ಳುವುದಕ್ಕೆ ನಮ್ಮ ಹಿಂದಿನವರು ಮೂರು ಮುಖ್ಯ ಪ್ರಮಾಣಗಳನ್ನು ಹೇಳಿದ್ದಾರೆ. ಕಣ್ಣಾರೆ ಕಾಣುವುದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು ಅನುಮಾನ. ಬಲ್ಲವರ ಮಾತನ್ನು ನಂಬುವುದು ಶಬ್ದ. ಮೂರನೆಯದಕ್ಕೆ ಒಂದು ಕಟ್ಟುಪಾಡು ಉಂಟು. ಮಾತನ್ನು ಆಡಿದವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ಬಲ್ಲವನೂ ಸುಳ್ಳಾಡದವನೂ ಆಗಿರಬೇಕು. ಅದಕ್ಕೂ ಮೊದಲು, ಆ ಮಾತನ್ನು ಆತ ನಿಜವಾಗಿ ಆಡಿರಬೇಕು. ಹೇಳುವ ಅಗತ್ಯವೇ ಇಲ್ಲವೆನ್ನುವಷ್ಟು ಸಹಜವಾದ ನಿಬಂಧನೆ ಇದು. ಆದರೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯಗಳ ಸಭಾಕೊಠಡಿಗಳಲ್ಲಿ ದಿನವೂ ಮುರಿಯಲ್ಪಡುತ್ತಿರುವುದು ಇದೇ ನಿಬಂಧನೆ ಎಂಬುದು ನನ್ನ ಹಳೆಯ ವಿದ್ಯಾರ್ಥಿಗಳ ಮಾತುಗಳಿಂದ ನನಗೆ ತಿಳಿಯುತ್ತಾ ಬಂದಿದೆ.

ಹೊಸ ಯಂತ್ರವೊಂದನ್ನೋ ಹೊಸ ವಿಧಾನವೊಂದನ್ನೋ ಒಪ್ಪಿಸಬೇಕಾದಾಗ ಅಲ್ಲಿ ಕೆಲವು ವಾಕ್ಯಗಳು ತಪ್ಪದೆ ಬರುತ್ತವೆ. ಜಗತ್ತಿಗೆಲ್ಲ ಐದು ಕಂಪ್ಯೂಟರು ಸಾಕೆಂದು ಐಬಿಎಂ ಸಂಸ್ಥೆಯ ಥಾಮಸ್ ವಾಟ್ಸನ್ 1943ರಲ್ಲಿ ಹೇಳಿದರಂತೆ. ಮನೆಯಲ್ಲಿ ಕಂಪ್ಯೂಟರು ಇಟ್ಟುಕೊಳ್ಳಲು ಯಾರಿಗೂ ಕಾರಣವಿಲ್ಲವೆಂದು ಡಿಜಿಟಲ್ ಸಂಸ್ಥೆಯ ಕೆನ್ ಓಲ್ಸನ್ 1977ರಲ್ಲಿ ಹೇಳಿದರಂತೆ. 640 ಕಿಲೋಬೈಟ್ ಮೆಮೊರಿ ಯಾರಿಗಾದರೂ ಸಾಕೆಂದು ಬಿಲ್ ಗೇಟ್ಸ್ 1981ರಲ್ಲಿ ಹೇಳಿದರಂತೆ. ಕಂಡುಹಿಡಿಯಬೇಕಾದದ್ದನ್ನೆಲ್ಲ ಕಂಡುಹಿಡಿದಾಯಿತೆಂದು ಅಮೆರಿಕದ ಪೇಟೆಂಟ್ ಕಚೇರಿಯ ಮುಖ್ಯಸ್ಥ ಚಾರ್ಲ್ಸ್ ಡ್ಯುಯೆಲ್ 1899ರಲ್ಲಿ ಹೇಳಿದರಂತೆ. ಈ ಅಂತೆ-ಕಂತೆಗಳ ಸಂತೆಯಲ್ಲಿ ಶಬ್ದಪ್ರಮಾಣವು ತಲೆಕೆಳಗಾಗಿ ನಿಂತಿದೆ. 'ಬಲ್ಲವರು ಹೇಳಿದ್ದಾರೆ, ಆದ್ದರಿಂದ ನಿಜ' ಎಂಬುದು ಹಳೆಯ ಕ್ರಮ. 'ಅಷ್ಟು ಬಲ್ಲವರೇ ತಪ್ಪಿದರು, ಆದ್ದರಿಂದ ನಿನ್ನ ಸಂದೇಹವೂ ತಪ್ಪು' ಎಂಬುದು ಹೊಸ ಕ್ರಮ!

ಈ ಮಾತುಗಳು ಕಂಪ್ಯೂಟರಿನ ಚರ್ಚೆಗೆ ಮಾತ್ರ ಬಳಕೆಯಾಗಿದ್ದರೆ ನಾನು ಇಷ್ಟು ದೀರ್ಘವಾಗಿ ಬರೆಯಲು ತೊಡಗುತ್ತಿರಲಿಲ್ಲ. ನನ್ನಲ್ಲಿ ಹೈಸ್ಕೂಲು ಓದಿದ ಹುಡುಗನೊಬ್ಬ (ಹುಡುಗನೆಂದೆ, ಆತನಿಗೀಗ ನಲವತ್ತು ದಾಟಿದೆ!) ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಅಲ್ಲಿನ ನಾಲ್ಕು ಮಹಡಿಗಳ ಕಾರ್ಪೆಟ್ಟನ್ನು ಯಾವ ವಿಧಾನದಿಂದ ಶುಚಿ ಮಾಡಿಸಬೇಕೆಂಬ ಸಭೆ ನಡೆಯಿತಂತೆ. ಬಿಸಿನೀರಿನ ಯಂತ್ರವನ್ನು ಮಾರಲು ಬಂದಿದ್ದ ಪ್ರತಿನಿಧಿ ತನ್ನ ಯಂತ್ರದ ಗುಣಗಾನ ಮುಗಿಸಿದ ಮೇಲೆ, ಅನೇಕ ವರ್ಷಗಳಿಂದ ಅದೇ ಕಟ್ಟಡದ ಹೌಸ್‌ಕೀಪಿಂಗ್ ನೋಡಿಕೊಂಡು ಬಂದ ಹೆಣ್ಣುಮಗಳೊಬ್ಬರು, "ಶನಿವಾರ ನೀರು ಹಾಕಿ ತೊಳೆದರೆ ಸೋಮವಾರದ ಹೊತ್ತಿಗೆ ಒಣಗಲ್ಲ ಸಾರ್. ರಜೆ ದಿನ ಎಸಿ ಇರಲ್ಲ, ಕಿಟಕಿ ತೆಗೆಯೋಕೆ ಬರಲ್ಲ. ಮಳೆಗಾಲದಲ್ಲಿ ಕಮಟು ವಾಸನೆ ಬಂದ್ರೆ ಬೈಸ್ಕೊಳ್ಳೋರು ನಾವೇ" ಎಂದರಂತೆ. ಪ್ರತಿನಿಧಿ ನಕ್ಕು ಮುಂದಿನ ಚಿತ್ರವನ್ನು ಪರದೆಯ ಮೇಲೆ ಮೂಡಿಸಿದ. ವಾಟ್ಸನ್, ಓಲ್ಸನ್, ಗೇಟ್ಸ್, ಡ್ಯುಯೆಲ್ ನಾಲ್ವರೂ ಅಲ್ಲಿದ್ದರು. ಹೊಸದನ್ನು ಅಲ್ಲಗಳೆಯುವವರು ಎಲ್ಲ ಕಾಲದಲ್ಲೂ ಇದ್ದರೆಂದು ಆತ ಹೇಳಿದಾಗ ಸಭೆಯೆಲ್ಲ ನಕ್ಕಿತು. ಆಕೆ ಸುಮ್ಮನಾದರು.

ಅಂದು ರಾತ್ರಿ ಹುಡುಗ ನನಗೆ ಫೋನು ಮಾಡಿ, "ಸಾರ್, ವಾಟ್ಸನ್ ನಿಜವಾಗ್ಲೂ ಹಾಗೆ ಹೇಳಿದ್ರಾ?" ಎಂದು ಕೇಳಿದ. "ಅದನ್ನು ಆಮೇಲೆ ನೋಡೋಣ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೇನಪ್ಪಾ?" ಎಂದೆ. "ಇಲ್ಲ ಸಾರ್" ಎಂದ. ಈ ಬರಹದ ಮೂಲ ಇಷ್ಟೇ. ಮೊದಲು ಆಕೆಯ ಪ್ರಶ್ನೆ ಎಂಥದೆಂದು ನೋಡಿ, ಬಳಿಕ ಆ ನಾಲ್ವರನ್ನು ವಿಚಾರಿಸೋಣ.

ನಮ್ಮ ಕಡೆ ನೆಲಹಾಸು ಎಂದರೆ ಚಾಪೆ, ಕಂಬಳಿ, ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇವನ್ನು ಶುಚಿ ಮಾಡುವ ಕ್ರಮ ಎಲ್ಲ ಮನೆಗಳಲ್ಲೂ ಒಂದೇ ಆಗಿತ್ತು: ಹಿತ್ತಲಿಗೆ ಒಯ್ದು, ಹಗ್ಗದ ಮೇಲೆ ಹರವಿ, ಕೋಲಿನಿಂದ ಬಡಿದು, ಬಿಸಿಲಿಗೆ ಬಿಡುವುದು. ಧೂಳು ಗಾಳಿಗೆ ಹೋಗುತ್ತದೆ, ತೇವ ಬಿಸಿಲಿಗೆ ಹೋಗುತ್ತದೆ. ಕಚೇರಿಯ ಕಾರ್ಪೆಟ್ಟಿಗೆ ಈ ಭಾಗ್ಯವಿಲ್ಲ. ಅರ್ಧ ಮೀಟರು ಉದ್ದ, ಅರ್ಧ ಮೀಟರು ಅಗಲದ ತುಂಡುಗಳಾಗಿ ಅದನ್ನು ನೆಲಕ್ಕೆ ಅಂಟಿಸಿರುತ್ತಾರೆ. ಅನೇಕ ಕಡೆ ಆ ನೆಲದ ಅಡಿಯಲ್ಲಿ ವಿದ್ಯುತ್ತಿನ ಮತ್ತು ಕಂಪ್ಯೂಟರಿನ ತಂತಿಗಳು ಓಡಾಡುತ್ತವೆ. ಹಾಸು ಬಿಸಿಲಿಗೆ ಹೋಗಲಾರದ್ದರಿಂದ ಶುಚಿ ಮಾಡುವ ಸಾಧನವೇ ಹಾಸಿನ ಬಳಿಗೆ ಬರಬೇಕಾಯಿತು.

ಬಂದ ಸಾಧನಗಳು ಹಲವು. ಮೊದಲನೆಯದೂ ಮುಖ್ಯವಾದದ್ದೂ ದಿನನಿತ್ಯದ ವ್ಯಾಕ್ಯೂಮ್ ಕ್ಲೀನರ್. ಏಕೆಂದರೆ ಕಾರ್ಪೆಟ್ಟಿನಲ್ಲಿ ಸೇರುವ ಕೊಳೆಯಲ್ಲಿ ಬಹುಪಾಲು ಒಣ ಧೂಳೇ. ಕೆಂಪು ಮಣ್ಣಿನ, ಮುಗಿಯದ ಕಟ್ಟಡ ಕೆಲಸಗಳ ನಮ್ಮ ಬೆಂಗಳೂರಿನ ಹೊರವಲಯದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು ಬಿಸಿನೀರು ಮತ್ತು ಮಾರ್ಜಕವನ್ನು ಒತ್ತಡದಿಂದ ಒಳಕ್ಕೆ ಚಿಮ್ಮಿಸಿ, ಕೊಳೆಯೊಂದಿಗೆ ಮರಳಿ ಹೀರುವ ವಿಧಾನ. ಇದನ್ನು ಎಲ್ಲರೂ 'ಸ್ಟೀಮ್' ಎನ್ನುತ್ತಾರೆ, ಆದರೆ ಅಲ್ಲಿ ಕೆಲಸ ಮಾಡುವುದು ಹಬೆಯಲ್ಲ, ಬಿಸಿನೀರು. ಆಳದ ಕೊಳೆಯನ್ನು ತೆಗೆಯುವುದರಲ್ಲಿ ಇದು ನಿಜಕ್ಕೂ ಸಮರ್ಥ. ಒಣಗಲು ಮಾತ್ರ ಹಲವು ಗಂಟೆಗಳು ಬೇಕು. ಮೂರನೆಯದು ಕಡಿಮೆ ನೀರಿನ ವಿಧಾನ: ದ್ರಾವಣವು ಕೊಳೆಯನ್ನು ಸುತ್ತುವರಿದು ಹರಳಿನಂತೆ ಒಣಗುತ್ತದೆ, ಆಮೇಲೆ ಅದನ್ನು ಹೀರಿ ತೆಗೆಯುತ್ತಾರೆ. ಬೇಗ ಒಣಗುತ್ತದೆ, ಆದರೆ ಆಳಕ್ಕಿಳಿದ ಕೊಳೆಗೆ ಸಾಲದು. ತಿರುಗುವ ಬಟ್ಟೆಯಿಂದ ಉಜ್ಜುವುದು, ತೇವಪುಡಿ ಹರಡಿ ತೆಗೆಯುವುದು ಮೊದಲಾದ ಬೇರೆ ವಿಧಾನಗಳೂ ಉಂಟು.

ನೀರಿನಿಂದ ನೆನೆದ ಹಾಸನ್ನು 24ರಿಂದ 48 ಗಂಟೆಗಳ ಒಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಬಹುದೆಂಬುದು ಕಟ್ಟಡ ನಿರ್ವಹಣೆಯಲ್ಲಿ ಸರ್ವಸಮ್ಮತವಾದ ಎಚ್ಚರಿಕೆ. ಬೂಷ್ಟಿನಿಂದ ಉಬ್ಬಸದವರಿಗೆ ತೊಂದರೆ. ಹಾಗಾದರೆ ಆ ಹೆಣ್ಣುಮಗಳು ಕೇಳಿದ್ದು ಏನು? ಗಾಳಿಯಾಡದ, ಎಸಿ ನಿಂತ ಕಟ್ಟಡದಲ್ಲಿ, ಜುಲೈ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು. ಅದು ಪ್ರತ್ಯಕ್ಷ ಪ್ರಮಾಣವನ್ನು ಆಧರಿಸಿದ ಪ್ರಶ್ನೆ. ಅದಕ್ಕೆ ಸಿಕ್ಕಿದ್ದು 1943ರ ಒಂದು ವಾಕ್ಯ.

ಆ ವಾಕ್ಯದ ಕಥೆಯನ್ನು ಈಗ ಕೇಳಿರಿ. ವಾಟ್ಸನ್ ಹಾಗೆ ಹೇಳಿದ್ದಕ್ಕೆ ಅವರ ಭಾಷಣಗಳಲ್ಲಾಗಲಿ ಪತ್ರಗಳಲ್ಲಾಗಲಿ ಸಾಕ್ಷ್ಯ ದೊರೆತಿಲ್ಲ. ಐಬಿಎಂ ಸಂಸ್ಥೆಯೇ ತನ್ನ ದಾಖಲೆಗಳಲ್ಲಿ ಹುಡುಕಿ ಇಲ್ಲವೆಂದಿದೆ. ಇಸವಿಯೇ ಅನುಮಾನಕ್ಕೆ ಕಾರಣವಾಗಬೇಕು. 1943ರಲ್ಲಿ ಇಂಗ್ಲಿಷಿನ 'ಕಂಪ್ಯೂಟರ್' ಎಂಬ ಪದಕ್ಕೆ ಸಾಮಾನ್ಯವಾಗಿ ಇದ್ದ ಅರ್ಥ ಲೆಕ್ಕ ಮಾಡುವ ಗುಮಾಸ್ತ ಎಂದು. ಮಾರುಕಟ್ಟೆ ಎಂಬುದು ಆ ಯಂತ್ರಕ್ಕೆ ಇನ್ನೂ ಹುಟ್ಟಿಯೇ ಇರಲಿಲ್ಲ. ಅದೇ ವಾಟ್ಸನ್ನರ ಸಂಸ್ಥೆ ಆಗ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಒಂದು ಬೃಹತ್ ಗಣಕಯಂತ್ರವನ್ನು ಕಟ್ಟುತ್ತಿತ್ತು; 1944ರಲ್ಲಿ ಅದನ್ನು ಒಪ್ಪಿಸಿತು.

'ಐದು' ಎಂಬ ಸಂಖ್ಯೆ ಹುಟ್ಟಿದ್ದು ಬಹುಶಃ ಇನ್ನೊಂದು ಕಡೆ. 1953ರ ಏಪ್ರಿಲ್ 28ರಂದು ಐಬಿಎಂ ಷೇರುದಾರರ ವಾರ್ಷಿಕ ಸಭೆ ನಡೆಯಿತು. ಅಲ್ಲಿ ಮಾತನಾಡಿದವರು ಮಗ ಥಾಮಸ್ ವಾಟ್ಸನ್ ಜೂನಿಯರ್. ಸಂಸ್ಥೆಯ 701 ಎಂಬ ಹೊಸ ಗಣಕದ ವಿಚಾರ. ತಿಂಗಳ ಬಾಡಿಗೆಯೇ 12,000ದಿಂದ 18,000 ಡಾಲರು ಆಗುವಂಥ ಯಂತ್ರ. ಕಾಗದದ ಮೇಲಿನ ಯೋಜನೆಯನ್ನು ಹಿಡಿದುಕೊಂಡು, ಬಳಸಬಹುದೆನಿಸಿದ ಸುಮಾರು 20 ಸಂಸ್ಥೆಗಳ ಬಳಿಗೆ ಹೋದೆವು; ಐದು ಯಂತ್ರಗಳಿಗೆ ಬೇಡಿಕೆ ಬರಬಹುದೆಂದು ಎಣಿಸಿದ್ದೆವು, ಮರಳಿ ಬರುವಾಗ ಹದಿನೆಂಟಕ್ಕೆ ಬೇಡಿಕೆ ಇತ್ತು ಎಂದು ಅವರು ವರದಿ ಒಪ್ಪಿಸಿದರು. ನೋಡಿರಿ! ಮನೆಮನೆ ತಿರುಗಿ ವಿಚಾರಿಸಿ, ತಮ್ಮ ಎಣಿಕೆಯನ್ನು ಪ್ರತ್ಯಕ್ಷದ ಮುಂದೆ ಇಟ್ಟು ತಿದ್ದಿಕೊಂಡ ಕಥೆ ಇದು. ಮಗನ ಮಾತು ಅಪ್ಪನಿಗೆ ಹೋಯಿತು, 1953 ಎಂಬುದು 1943 ಆಯಿತು, ಒಂದು ಯಂತ್ರದ ಬೇಡಿಕೆ ಇಡೀ ಜಗತ್ತಿನ ಬೇಡಿಕೆಯಾಯಿತು, ಹದಿನೆಂಟು ಎಂಬುದು ಮಾಯವೇ ಆಯಿತು. ಪಾಠಕ್ಕೆ ಬೇಕಾದ ಅರ್ಧವೇ ಕಳೆದುಹೋಯಿತು.

ಇನ್ನು ಕೆನ್ ಓಲ್ಸನ್. 1977ರಲ್ಲಿ ಬಾಸ್ಟನ್ ನಗರದ ಸಭೆಯೊಂದರಲ್ಲಿ ಅವರು ಆಡಿದರೆನ್ನಲಾದ ಮಾತು ಮನೆಯ ಆಗುಹೋಗುಗಳನ್ನೆಲ್ಲ, ಎಂದರೆ ದೀಪ, ಬಾಗಿಲು, ಅಡುಗೆಗಳನ್ನೆಲ್ಲ, ಆಳುವಂಥ ಕಂಪ್ಯೂಟರಿನ ಬಗ್ಗೆ ಎಂದು ಅವರೇ ಬಳಿಕ ವಿವರಿಸಿದ್ದಾರೆ. ಅಂಥ ಯಂತ್ರವನ್ನು ಜನ ಬಯಸುವುದಿಲ್ಲವೆಂಬುದು ಅವರ ಅಭಿಪ್ರಾಯ. ಸರಿಯೋ ತಪ್ಪೋ, ಅದು ಬೇರೆಯೇ ಅಭಿಪ್ರಾಯ. ಓಲ್ಸನ್ 1957ರಲ್ಲಿ ಡಿಜಿಟಲ್ ಸಂಸ್ಥೆಯನ್ನು ಕಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯಲ್ಲಿ. ಆ ಗಿರಣಿ 1840ರ ದಶಕದಲ್ಲಿ ಆರಂಭವಾದದ್ದು ಕಾರ್ಪೆಟ್ಟಿನ ನೂಲು ತೆಗೆಯುವುದರಿಂದ! ಕಾರ್ಪೆಟ್ಟಿನ ಜಗಳಕ್ಕೆ ಅವರ ಹೆಸರನ್ನು ಎಳೆದು ತಂದವರಿಗೆ ಇದು ತಿಳಿದಿರಲಾರದು.

ಡಿಜಿಟಲ್ ಸಂಸ್ಥೆ ಬೆಂಗಳೂರಿಗೂ ಪರಿಚಿತವೇ. ನಿಮ್ಮಲ್ಲಿ ಹಿರಿಯರಾದ ಕೆಲವರಿಗೆ ಇಲ್ಲಿದ್ದ ಅದರ ಭಾರತೀಯ ಶಾಖೆಯ ನೆನಪಿರಬಹುದು. 1998ರಲ್ಲಿ ಮೂಲಸಂಸ್ಥೆಯನ್ನು ಕಾಂಪ್ಯಾಕ್ ಕೊಂಡಿತು, 2002ರಲ್ಲಿ ಕಾಂಪ್ಯಾಕನ್ನು ಎಚ್‌ಪಿ ಸೇರಿಸಿಕೊಂಡಿತು. ಡಿಜಿಟಲ್ ವೈಯಕ್ತಿಕ ಕಂಪ್ಯೂಟರಿನ ಪೈಪೋಟಿಯಲ್ಲಿ ಹಿಂದೆ ಬಿದ್ದದ್ದು ನಿಜ. ಆದರೆ ಅದಕ್ಕೆ ಒಂದು ವಾಕ್ಯ ಕಾರಣವಲ್ಲ. 1982ರಲ್ಲಿ ಅದೂ ವೈಯಕ್ತಿಕ ಕಂಪ್ಯೂಟರುಗಳನ್ನು ಮಾರುಕಟ್ಟೆಗೆ ತಂದಿತ್ತು. ಅವು ಬೇರೆಯವರ ಯಂತ್ರಗಳೊಂದಿಗೆ ಸುಲಭವಾಗಿ ಹೊಂದಿಕೊಳ್ಳುತ್ತಿರಲಿಲ್ಲ, ಬೆಲೆಯೂ ಹೆಚ್ಚಾಗಿತ್ತು. ಈ ಕಾರಣಗಳನ್ನು ಅರಿತವನು ಏನಾದರೂ ಕಲಿಯುತ್ತಾನೆ. ವಾಕ್ಯವನ್ನು ಮಾತ್ರ ಕೇಳಿದವನು ನಕ್ಕು ಎದ್ದುಹೋಗುತ್ತಾನೆ.

ಬಿಲ್ ಗೇಟ್ಸ್ ತಮ್ಮ ಹೆಸರಿನ ಮಾತನ್ನು ಹಲವು ಬಾರಿ ಸ್ಪಷ್ಟವಾಗಿ ನಿರಾಕರಿಸಿದ್ದಾರೆ, ಮೂಲವನ್ನು ಈವರೆಗೆ ಯಾರೂ ತೋರಿಸಿಲ್ಲ. 640 ಎಂಬ ಸಂಖ್ಯೆಗೆ ಮಾತ್ರ ಕಾರಣವುಂಟು. 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ ಚಿಪ್ಪಿಗೆ ಒಟ್ಟು 1,024 ಕಿಲೋಬೈಟ್ ಮೆಮೊರಿಯನ್ನಷ್ಟೇ ಗುರುತಿಸುವ ಶಕ್ತಿ ಇತ್ತು. ಅದರಲ್ಲಿ 384ನ್ನು ಪರದೆ ಮೊದಲಾದ ಯಂತ್ರದ ಸ್ವಂತ ಕೆಲಸಗಳಿಗೆ ಮೀಸಲಿಟ್ಟರು, ಬಳಕೆದಾರನಿಗೆ 640 ಉಳಿಯಿತು. ಈ ಅವಕಾಶ ಹತ್ತು ವರ್ಷಕ್ಕೆ ಸಾಕಾದೀತೆಂದು ಎಣಿಸಿದ್ದೆ, ಆರೇ ವರ್ಷಗಳಲ್ಲಿ ಇಕ್ಕಟ್ಟಾಯಿತು ಎಂದು ಗೇಟ್ಸ್ 1989ರ ಭಾಷಣವೊಂದರಲ್ಲಿ ಹೇಳಿದ್ದಾರೆ. ಮನೆ ಕಟ್ಟುವವನು ಮಕ್ಕಳು ಬೆಳೆದಾರೆಂದು ಒಂದು ಕೋಣೆ ಹೆಚ್ಚಿಗೆ ಕಟ್ಟಿಸಿ, ಅದೂ ಸಾಲದೆ ಹೋದಂತೆ.

ಡ್ಯುಯೆಲ್ ಅವರಿಗೆ ಆಗಿರುವ ಅನ್ಯಾಯ ಎಲ್ಲಕ್ಕಿಂತ ದೊಡ್ಡದು. ಅವರ 1899ರ ವರದಿಯಲ್ಲಿ ಪೇಟೆಂಟುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು 3,000 ಏರಿರುವುದೂ 1837ಕ್ಕೆ ಹೋಲಿಸಿದರೆ ಸುಮಾರು 60 ಪಟ್ಟು ಆಗಿರುವುದೂ ದಾಖಲಾಗಿದೆ. ಅಂಗಡಿ ಮುಚ್ಚಲು ಹೊರಟವನು ಬರೆಯುವ ವರದಿ ಅದಲ್ಲ. ಅವರಿಗಿಂತ ಅರ್ಧ ಶತಮಾನ ಮೊದಲು, 1843ರಲ್ಲಿ, ಅದೇ ಹುದ್ದೆಯಲ್ಲಿದ್ದ ಹೆನ್ರಿ ಎಲ್ಸ್‌ವರ್ತ್ ಎಂಬುವರು ಆವಿಷ್ಕಾರಗಳ ವೇಗವನ್ನು ಕಂಡು ಬೆರಗಾಗಿ, ಇದು ಹೀಗೇ ಸಾಗಿದರೆ ಮಾನವನ ಏಳಿಗೆ ಕೊನೆ ಮುಟ್ಟುವ ಕಾಲವೇ ಬಂದೀತೇನೋ ಎಂಬರ್ಥದಲ್ಲಿ ಅಲಂಕಾರವಾಗಿ ಬರೆದಿದ್ದರು. 1899ರ ಸುಮಾರಿಗೆ ಇಂಗ್ಲೆಂಡಿನ 'ಪಂಚ್' ಹಾಸ್ಯಪತ್ರಿಕೆಯಲ್ಲಿ ಇದೇ ಅರ್ಥದ ನಗೆಮಾತೊಂದು ಬಂದಿತ್ತು. ಅಲಂಕಾರಕ್ಕೆ ಹಾಸ್ಯ ಸೇರಿ ಇತಿಹಾಸವಾಯಿತು.

ಎಲ್ಲ ಉಲ್ಲೇಖಗಳೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಗಾಳಿಗಿಂತ ಭಾರವಾದ ಯಂತ್ರ ಹಾರಲಾರದೆಂದು ವಿಜ್ಞಾನಿ ಲಾರ್ಡ್ ಕೆಲ್ವಿನ್ ಹೇಳಿದರೆಂಬ ಮಾತಿನ ಪದಗಳು ಸಂದೇಹಾಸ್ಪದವಾದರೂ ಭಾವ ಅವರದೇ. ಬಲೂನನ್ನು ಬಿಟ್ಟರೆ ಬೇರೆ ಬಗೆಯ ಹಾರಾಟದಲ್ಲಿ ತಮಗೆ ಎಳ್ಳಷ್ಟೂ ನಂಬಿಕೆಯಿಲ್ಲವೆಂದು ಅವರು 1896ರ ಪತ್ರದಲ್ಲಿ ಬರೆದಿದ್ದಾರೆ. ಪತ್ರವಿದೆ, ತಾರೀಕಿದೆ, ಒಪ್ಪೋಣ.

ದಾಖಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1896ರಿಂದ ಬೆಂಗಳೂರಿನ ದಂಡಿನಲ್ಲಿದ್ದ ವಿನ್ಸ್‌ಟನ್ ಚರ್ಚಿಲ್ ವೈಟ್‌ಫೀಲ್ಡಿನ ವೇವರ್ಲಿ ಇನ್ ಎಂಬ ತಂಗುಮನೆಯ ಒಡೆಯನ ಮಗಳಿಗೆ ಮನಸೋತಿದ್ದರೆಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಅದು ಕಥೆಯಾಗಿಯೇ ಉಳಿದಿದೆ. ಅವರು ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದಾದರೋ 1899ರ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದಿದೆ. ಪ್ರೇಮಕ್ಕೆ ಸಾಕ್ಷಿಯಿಲ್ಲ, ಸಾಲಕ್ಕೆ ಸಾಕ್ಷಿಯಿದೆ!

ನಮ್ಮ ಕೈಗಾರಿಕಾ ವಲಯದ ಇತಿಹಾಸಕ್ಕೂ ಇಂಥ ಅಪವ್ಯಾಖ್ಯಾನ ತಟ್ಟಿದೆ. ಭಾರತದ ಮೊದಲ ಉಪಗ್ರಹ ಆರ್ಯಭಟ, 1975ರಲ್ಲಿ ಹಾರುವ ಮುನ್ನ, ಸಿದ್ಧವಾದದ್ದು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. 1981ರ ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇರಿಸಿದ ಚಿತ್ರವನ್ನು ನೀವೆಲ್ಲ ಕಂಡಿರುತ್ತೀರಿ. ಬಡದೇಶದ ಪಡಿಪಾಟಲೆಂದು ಕೆಲವರು, ಹಳತು-ಹೊಸತರ ಸಂಗಮವೆಂದು ಕೆಲವರು ಅದನ್ನು ತೋರಿಸುತ್ತಾರೆ. ಕಾರಣ ತಾಂತ್ರಿಕವಾದದ್ದು. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸುವಾಗ ಲೋಹದ ವಾಹನವಿದ್ದರೆ ರೇಡಿಯೋ ಅಲೆಗಳಿಗೆ ಅಡ್ಡಿಯಾಗುತ್ತಿತ್ತು, ಮರದ ಗಾಡಿಯಿಂದ ಆ ತೊಂದರೆ ಇರಲಿಲ್ಲ. ಅಲ್ಲಿ ಎತ್ತಿನ ಗಾಡಿಯೇ ಸರಿಯಾದ ಉಪಕರಣ.

ಪೀಣ್ಯದ ಮಗ್ಗುಲ ಜಾಲಹಳ್ಳಿಯ ಎಚ್‌ಎಂಟಿಯ ವಿಚಾರವೂ ಹೀಗೆಯೇ. ಕ್ವಾರ್ಟ್ಜ್ ಗಡಿಯಾರ ಬರುತ್ತದೆಂದು ತಿಳಿಯದೆ ಅದು ಕೆಟ್ಟಿತೆಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, 1980ರ ದಶಕದ ಆರಂಭದಲ್ಲಿಯೇ ಕ್ವಾರ್ಟ್ಜ್ ಗಡಿಯಾರವನ್ನೂ ಮಾಡಿತ್ತು. 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ಹೂಡಿದ ಟೈಟನ್ ಮುಂದೆ ಹೋದದ್ದು ವಿನ್ಯಾಸ, ಮಳಿಗೆ, ಜಾಹೀರಾತುಗಳ ಬಲದಿಂದ. 2016ರಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಲ್ಲಿ ದುಡಿದವರ ಮಕ್ಕಳು ನನ್ನ ತರಗತಿಗಳಲ್ಲಿ ಕುಳಿತಿದ್ದರು. ಅವರ ತಂದೆತಾಯಿಗಳ ಕುಶಲತೆಯನ್ನು 'ಮುಂದಾಲೋಚನೆ ಇರಲಿಲ್ಲ' ಎಂಬ ಎರಡು ಪದಗಳಲ್ಲಿ ಹೂತುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೆ ಕಾರ್ಪೆಟ್ಟಿನ ವಿಚಾರಕ್ಕೆ ಬರೋಣ. ಶುಚಿಯ ಯಂತ್ರದ ಇತಿಹಾಸವೇ ಆ ಸಭೆಗೆ ಹೆಚ್ಚು ಉಪಯುಕ್ತವಾಗುತ್ತಿತ್ತು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಗಾಳಿಯಿಂದ ಊದಿ ತೆಗೆಯುವ ಯಂತ್ರವೊಂದರ ಪ್ರದರ್ಶನವನ್ನು ನೋಡಿ, ಊದುವ ಬದಲು ಹೀರಬಾರದೇಕೆ ಎಂದು ಕೇಳಿದರು. ಅದು ಅಸಾಧ್ಯ, ಎಷ್ಟೋ ಬಾರಿ ಪ್ರಯತ್ನಿಸಿ ಸೋತಿದ್ದಾರೆ ಎಂದು ಪ್ರದರ್ಶಕ ಉತ್ತರಿಸಿದನಂತೆ. ಈ ಸಂವಾದವನ್ನು ಹೇಳಿರುವವರು ಬೂತ್ ಒಬ್ಬರೇ, ಅದೂ ಮೂರು ದಶಕಗಳು ಕಳೆದ ಬಳಿಕ. ಗೆದ್ದವರ ನೆನಪೆಂದು ಗುರುತು ಹಾಕಿಕೊಂಡು ಓದೋಣ. ಮೆಚ್ಚಬೇಕಾದದ್ದು ಮುಂದಿನದು. ಬೂತ್ ವಾದಕ್ಕೆ ನಿಲ್ಲದೆ, ಹೋಟೆಲೊಂದರ ಮೆತ್ತೆಯ ಕುರ್ಚಿಗೆ ಬಾಯಿಟ್ಟು ತಾವೇ ಹೀರಿ, ಧೂಳಿನಿಂದ ಉಸಿರುಗಟ್ಟಿ ಕೆಮ್ಮಿ, ಹೀರುವುದು ಸಾಧ್ಯವೆಂದು ಕಂಡುಕೊಂಡರು! ಕುದುರೆಗಾಡಿಯ ಮೇಲೆ ಹೊತ್ತು ತರುತ್ತಿದ್ದ ಅವರ ಯಂತ್ರ, 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಾಸಿದ್ದ ರತ್ನಗಂಬಳಿಯನ್ನು ಶುಚಿಮಾಡಿತು.

ಮನೆಯಲ್ಲಿ ಬಳಸುವ ಕೈಯಂತ್ರವನ್ನು ರೂಪಿಸಿದವರು ಯಾರು ಬಲ್ಲಿರಾ? ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಉಬ್ಬಸದ ರೋಗಿ. ಗುಡಿಸುವ ಯಂತ್ರ ಎಬ್ಬಿಸುವ ಧೂಳೇ ತನ್ನ ಕೆಮ್ಮಿಗೆ ಕಾರಣವೆಂದು ಎಣಿಸಿ, ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲಗಳನ್ನು ಸೇರಿಸಿ ಯಂತ್ರವೊಂದನ್ನು ಕಟ್ಟಿಕೊಂಡರು. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅದನ್ನು ಕೊಂಡವರು ಹೂವರ್ ಎಂಬ ಚರ್ಮದ ಸಾಮಾನಿನ ವ್ಯಾಪಾರಿ. ಮುಂದೆ ಆ ಹೆಸರೇ ಇಂಗ್ಲೆಂಡಿನಲ್ಲಿ ಯಂತ್ರದ ಹೆಸರಾಯಿತು. ಕಸ ಗುಡಿಸುವವನ ಕೆಮ್ಮಿನಿಂದ ಹುಟ್ಟಿದ ಉದ್ಯಮದ ಹೆಸರಿನಲ್ಲಿ, ಕಸ ಗುಡಿಸುವ ಹೆಣ್ಣುಮಗಳ ಮಾತನ್ನು ನಕ್ಕು ತಳ್ಳಿಹಾಕಲಾಯಿತು ಎಂಬುದು ಆ ಸಭೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಇದೇ ಉದ್ಯಮದಲ್ಲಿ ನುಡಿದ ಇನ್ನೊಂದು ಭವಿಷ್ಯವೂ ಇದೆ. ಹತ್ತು ವರ್ಷಗಳೊಳಗೆ ಅಣುಶಕ್ತಿಯಿಂದ ನಡೆಯುವ ವ್ಯಾಕ್ಯೂಮ್ ಕ್ಲೀನರ್ ಬಂದೀತೆಂದು, ಅಮೆರಿಕದಲ್ಲಿ ಈ ಯಂತ್ರಗಳನ್ನು ತಯಾರಿಸುತ್ತಿದ್ದ ಅಲೆಕ್ಸ್ ಲೂಯಿಟ್ ಹೇಳಿದ್ದಾಗಿ 1955ರ ಜೂನಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿತು. ಪತ್ರಿಕೆಯಲ್ಲಿ ಅಚ್ಚಾದ ಮಾತು. ಮಾರಾಟದ ಪರದೆಯ ಮೇಲೆ ಇದು ಬರುವುದಿಲ್ಲ, ನೋಡಿ. ಆಗದೆಂದು ಹೇಳಿ ತಪ್ಪಿದವರನ್ನು ನಾವು ಜೋಪಾನವಾಗಿ ನೆನಪಿಡುತ್ತೇವೆ, ಆಗುತ್ತದೆಂದು ಹೇಳಿ ತಪ್ಪಿದವರನ್ನು ಮರೆಯುತ್ತೇವೆ. 2000ದ ಆಸುಪಾಸಿನಲ್ಲಿ ಬೆಂಗಳೂರು ಸಿಂಗಪುರವಾಗುತ್ತದೆ ಎಂಬ ಮಾತು ಎಷ್ಟು ಕೇಳಿಬರುತ್ತಿತ್ತೆಂಬುದನ್ನು ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯಲ್ಲಿ ನಿಂತು ನೆನೆಸಿಕೊಳ್ಳಿ. ಸಂದೇಹಪಟ್ಟವರ ತಪ್ಪುಗಳನ್ನು ಮಾತ್ರ ಪಟ್ಟಿ ಮಾಡಿದರೆ ಸಂದೇಹವೇ ತಪ್ಪೆಂದು ತೋರುವುದು ಸಹಜ.

ಇಂಥ ಪಟ್ಟಿಗಳ ಕೊನೆಯಲ್ಲಿ ಗಾಂಧೀಜಿಯವರನ್ನೂ ತಂದು ನಿಲ್ಲಿಸುವುದುಂಟು: ಮೊದಲು ಕಡೆಗಣಿಸುತ್ತಾರೆ, ಬಳಿಕ ನಗುತ್ತಾರೆ, ಬಳಿಕ ಕಾದಾಡುತ್ತಾರೆ, ಆಗ ನೀವು ಗೆಲ್ಲುತ್ತೀರಿ ಎಂಬ ಮಾತು. ಗಾಂಧೀಜಿ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಅದನ್ನು ಬಹಳ ಹೋಲುವ ಮಾತು 1918ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಬಟ್ಟೆ ಹೊಲಿಯುವ ಕಾರ್ಮಿಕರ ಸಂಘದ ಸಭೆಯಲ್ಲಿ, ನಿಕೋಲಸ್ ಕ್ಲೈನ್ ಎಂಬುವರ ಭಾಷಣದಲ್ಲಿದೆ. ದುಡಿಯುವವರಿಗೆ ಧೈರ್ಯ ಹೇಳಲು ಆಡಿದ ಮಾತು ದುಡಿಯುವವಳ ಬಾಯಿ ಮುಚ್ಚಿಸಲು ಬಳಕೆಯಾಗುವುದನ್ನು ಏನೆನ್ನಬೇಕು?

ಹುಡುಗನ ಕಚೇರಿಯ ವಿಚಾರವನ್ನು ಇಲ್ಲಿಗೆ ಹೇಳಿ ಮುಗಿಸುತ್ತೇನೆ. ಆತ ಎರಡು ಓಣಿಗಳಲ್ಲಿ ಎರಡು ವಿಧಾನಗಳನ್ನು ಮಾಡಿಸಿ, ಆ ಹೆಣ್ಣುಮಗಳ ಕೈಗೇ ವಹಿಯನ್ನು ಕೊಟ್ಟು, ಎಷ್ಟು ಗಂಟೆಗೆ ಒಣಗಿತು, ಎಷ್ಟು ದಿನಕ್ಕೆ ಮತ್ತೆ ಕೊಳೆಯಾಯಿತು ಎಂದು ಬರೆಸಿದ. ಬಿಸಿನೀರಿನ ಯಂತ್ರ ಕೆಟ್ಟದ್ದೇನೂ ಆಗಿರಲಿಲ್ಲ. ಕಲೆಗಳನ್ನು ತೆಗೆಯುವುದರಲ್ಲಿ ಅದೇ ಮೇಲೆಂದು ಆಕೆಯೇ ಬರೆದರು. ಬೇಸಿಗೆಯಲ್ಲಿ, ಫ್ಯಾನುಗಳನ್ನಿಟ್ಟು, ಎಸಿ ನಡೆಯುವ ದಿನ ಅದನ್ನು ಬಳಸುವುದು, ಮಳೆಗಾಲದಲ್ಲಿ ಕಡಿಮೆ ನೀರಿನ ವಿಧಾನ ಎಂದು ತೀರ್ಮಾನವಾಯಿತು. ವಾಟ್ಸನ್ನರ ಅಗತ್ಯ ಯಾರಿಗೂ ಬೀಳಲಿಲ್ಲ.

ಸಂದೇಹ ಕೇಳುವವರನ್ನು ಶತ್ರುಗಳೆಂದು ಎಣಿಸಬೇಕಾಗಿಲ್ಲ ಎಂಬುದಕ್ಕೆ ಎಲೆಕ್ಟ್ರಾನಿಕ್ ಸಿಟಿಯೇ ಸಾಕ್ಷಿ. 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಗಳಲ್ಲಿ 1978ರಲ್ಲಿ ಅದು ಮೊದಲಾಯಿತು. ಅಂದು ಯಾರಾದರೂ 'ಫೋನು ಎಲ್ಲಿ, ರಸ್ತೆ ಎಲ್ಲಿ' ಎಂದು ಕೇಳಿದ್ದರೆ ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ದತ್ತಾಂಶವನ್ನು ಕಳುಹಿಸುವ ಸಂಪರ್ಕಕ್ಕೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಬರುವವರೆಗೆ, ಎಂದರೆ 1991ರ ಸುಮಾರಿನವರೆಗೆ ಕಾಯಬೇಕಾಯಿತು. ಮೇಲುರಸ್ತೆ ಬಂದದ್ದು 2010ರಲ್ಲಿ. ಮೆಟ್ರೋದ ಹಳದಿ ಮಾರ್ಗ ಬಂದದ್ದು 2025ರ ಆಗಸ್ಟಿನಲ್ಲಿ, ನಲವತ್ತೇಳು ವರ್ಷಗಳ ಬಳಿಕ! ಬಾಳಿಗರ ಕನಸು ನಿಜವಾಯಿತು. ರಸ್ತೆಯ ಪ್ರಶ್ನೆಯೂ ನಿಜವಾಗಿಯೇ ಇತ್ತು. ಒಂದನ್ನು ಒಪ್ಪಲು ಇನ್ನೊಂದನ್ನು ಹಾಸ್ಯ ಮಾಡಬೇಕಾಗಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಇಂಥ ಸಭೆಗಳ ಮೇಜಿನ ತಲೆಯಲ್ಲಿ ಕುಳಿತಿರುವವರು. ನಿಮಗೆ ನನ್ನ ವಿನಂತಿ ಇಷ್ಟು. ಯಾರಾದರೂ ದೊಡ್ಡವರ ಮಾತನ್ನು ತಂದಾಗ ಯಾರು ಹೇಳಿದ್ದು, ಯಾವಾಗ, ಎಲ್ಲಿ ದಾಖಲಾಗಿದೆ, ಯಾವುದರ ಬಗ್ಗೆ ಹೇಳಿದ್ದು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಐದನೆಯದನ್ನು ನಿಮ್ಮ ಮನಸ್ಸಿನಲ್ಲೇ ಕೇಳಿಕೊಳ್ಳಿರಿ: ಈ ಮಾತು ಬಂದದ್ದರಿಂದ ಈ ಕೋಣೆಯಲ್ಲಿ ಯಾರು ಸುಮ್ಮನಾದರು? ಸುಮ್ಮನಾದವರ ಕಡೆಗೆ ತಿರುಗಿ, ಅವರು ಹೇಳುತ್ತಿದ್ದುದನ್ನು ಪೂರ್ತಿಯಾಗಿ ಹೇಳಿಸಿರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಿಮಗೆ ಕಲಿಸಿದ್ದೇನೆ. ಪರದೆಯ ಮೇಲೆ ಕಂಡದ್ದಕ್ಕೆ ಅದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಇಷ್ಟರ ಮೇಲೂ ವಾಟ್ಸನ್ನರ ಐದು ಕಂಪ್ಯೂಟರು ಎದುರಾದರೆ, ಹದಿನೆಂಟು ಎಂದು ನಗುತ್ತಾ ಹೇಳಿ, ಉಳಿದ ಕಥೆಯನ್ನು ಚಹಾದ ಹೊತ್ತಿನಲ್ಲಿ ತಿಳಿಸಿರಿ.

ನಿಮ್ಮ ನಿಮ್ಮ ಕೆಲಸದ ಜಾಗದಲ್ಲಿ ಇಂಥ ಮಾತುಗಳನ್ನು ಕೇಳಿದ್ದರೆ ನನಗೂ ಬರೆದು ತಿಳಿಸಿ.